ಮೇಣದೊಳಗಿನ ಟೊಳ್ಳು

ಚೆನ್ನಾಗಿ ಆರಿದ ಮೇಣದಬತ್ತಿ ಅಚ್ಚನ್ನು ಬಿಡುವಾಗ ‘ಟಪ್’ ಎಂದು ಸಣ್ಣ ಸದ್ದಾಗುತ್ತದೆ. ಆ ಭಾನುವಾರ ಬೆಳಿಗ್ಗೆ ಸದ್ದೇನೋ ಬಂತು, ಆದರೆ ಕೈಗೆ ಬಂದದ್ದನ್ನು ನೋಡಿ ಮನಸ್ಸು ಕುಗ್ಗಿತು. ಮೈಯೆಲ್ಲ ಗುಂಡುಸೂಜಿಯ ತಲೆಯಷ್ಟು ಕುಳಿಗಳು, ಬುಡದಲ್ಲಿ ಅಡ್ಡಡ್ಡ ಬಿಳಿ ಗೆರೆಗಳು, ಬತ್ತಿಯ ಸುತ್ತ ಬೆರಳು ಇಳಿಯುವಷ್ಟು ಹಳ್ಳ. ಗಾಳಿ ಸೇರಿಕೊಂಡಿದೆ, ಅಷ್ಟೇ ಎಂದುಕೊಂಡೆ. ಮೂರಕ್ಕೂ ಒಂದೇ ಕಾರಣ ಹುಡುಕಿದ್ದರಿಂದಲೇ ಅರ್ಧ ದಿನ ಕಳೆಯಿತು.

ಪ್ಯಾರಾಫಿನ್‌ನಲ್ಲಿ ನನಗೆ ತುಂಬ ಇಷ್ಟವಾಗುವ ಗುಣವೆಂದರೆ ಅದನ್ನು ಮತ್ತೆ ಕರಗಿಸಬಹುದು. ಕೆಟ್ಟದ್ದನ್ನು ತುಂಡು ಮಾಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿದೆ. ಮೇಣದ ಪಾತ್ರೆಯನ್ನು ನೇರವಾಗಿ ಉರಿಯ ಮೇಲೆ ಇಡಲೇಬಾರದು. ಮಿತಿ ಮೀರಿ ಕಾದರೆ ಅದರ ಆವಿಗೆ ಬೆಂಕಿ ಹೊತ್ತಿಕೊಳ್ಳುತ್ತದೆ. ಈ ಸಲ ಅಚ್ಚನ್ನು ಓರೆಯಾಗಿ ಹಿಡಿದು ಗೋಡೆಗುಂಟ ನಿಧಾನವಾಗಿ ಸುರಿದೆ, ಮರದ ಸೌಟಿನಿಂದ ಸುತ್ತಲೂ ಮೆಲ್ಲಗೆ ತಟ್ಟಿದೆ. ಗುಳ್ಳೆಗಳು ಎದ್ದವು, ಒಡೆದವು. ಆದರೂ ಒಂದು ಸಾಲು ನಿಲ್ಲಲೇ ಇಲ್ಲ. ಬಗ್ಗಿ ನೋಡಿದೆ: ಅವು ಬತ್ತಿಯಿಂದಲೇ ಬರುತ್ತಿದ್ದವು. ಒಣ ಹತ್ತಿಯ ಎಳೆಗಳ ನಡುವಿನ ಗಾಳಿಯನ್ನು ಬಿಸಿ ಮೇಣ ಹೊರದಬ್ಬುತ್ತಿತ್ತು. ಮುಂದಿನ ಬತ್ತಿಯನ್ನು ಮೊದಲೇ ಕರಗಿದ ಮೇಣದಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೆಗೆದು ನೇರವಾಗಿ ಎಳೆದು ಆರಿಸಿದೆ.

ಇನ್ನು ಕೆಲವು ಕುಳಿಗಳಿಗೆ ಕಾರಣ ಗಾಳಿಯಲ್ಲ, ನೀರು. ಹೊರಪಾತ್ರೆಯ ಹಬೆ ಹನಿಗಟ್ಟಿ ಮೇಣದೊಳಗೆ ಬಿದ್ದಿತ್ತು. ನೀರು ಮೇಣಕ್ಕಿಂತ ಭಾರ, ತಳದಲ್ಲಿ ಮಣಿಗಳಂತೆ ಕೂತಿತ್ತು. ಪಾತ್ರೆಯ ಹೊರಮೈ ಒರೆಸಿ, ಕೊನೆಯ ಒಂದು ಗುಟುಕಿನಷ್ಟನ್ನು ಸುರಿಯದೆ ಉಳಿಸುವುದನ್ನು ಅಂದಿನಿಂದ ಬಿಟ್ಟಿಲ್ಲ.

ಬಿಳಿ ಗೆರೆಗಳ ಗುಟ್ಟು ಥರ್ಮಾಮೀಟರಿನಲ್ಲಿತ್ತು. ನನ್ನ ಮೇಣ ಕರಗುವುದು 58 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ನಾನು 65ಕ್ಕೇ, ಅದೂ ತಣ್ಣನೆಯ ತಗಡಿನ ಅಚ್ಚಿಗೆ, ಸುರಿದಿದ್ದೆ. ಮಟ್ಟ ಏರುತ್ತಿದ್ದಂತೆ ಅಂಚು ಪದರಪದರವಾಗಿ ಹೆಪ್ಪುಗಟ್ಟಿತ್ತು. ಅಚ್ಚನ್ನು ಬೆಚ್ಚಗೆ ಮಾಡಿ 82ಕ್ಕೆ ಸುರಿದಾಗ ಗೆರೆಗಳು ಮಾಯವಾದವು.

ಹಳ್ಳ ಮಾತ್ರ ಹಾಗೆಯೇ ಇತ್ತು. ಎಷ್ಟು ತಟ್ಟಿದರೂ ಅದೇ ಜಾಗದಲ್ಲಿ, ಅಷ್ಟೇ ಆಳ. ಮಧ್ಯಾಹ್ನ ಅಚ್ಚಿನ ಪಕ್ಕದಲ್ಲೇ ಕೂತು ಮೇಣ ಆರುವುದನ್ನು ನೋಡಿದೆ. ಮೊದಲು ಗೋಡೆಯ ಬದಿ ಬೆಳ್ಳಗಾಯಿತು, ಮೇಲೆ ಕೆನೆಯಂಥ ಪೊರೆ ಕಟ್ಟಿತು, ನಡುವಿನ ಮೇಣ ಇನ್ನೂ ನೀರಾಗಿಯೇ ಇತ್ತು. ಗಟ್ಟಿಯಾಗುವಾಗ ಪ್ಯಾರಾಫಿನ್ ಶೇಕಡಾ 10ರಷ್ಟೋ ಅದಕ್ಕಿಂತ ಹೆಚ್ಚೋ ಕುಗ್ಗುತ್ತದೆ. ಕೊನೆಗೆ ಆರುವ ನಡುಭಾಗಕ್ಕೆ ಆ ಕೊರತೆ ತುಂಬಿಕೊಳ್ಳಲು ಮೇಣ ಸಿಗುವುದಿಲ್ಲ. ಪೊರೆ ಕುಸಿದರೆ ಹಳ್ಳ, ಕುಸಿಯದಿದ್ದರೆ ಒಳಗೆ ಕಾಣದ ಟೊಳ್ಳು. ಗಾಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ!

ಪೊರೆ ಕಟ್ಟಿದ ಕೂಡಲೇ ಬತ್ತಿಯ ಸುತ್ತ ದಬ್ಬಳದಿಂದ ಆಳವಾಗಿ ಚುಚ್ಚಿ, ಮೊದಲಿಗಿಂತ ಐದು ಡಿಗ್ರಿ ಹೆಚ್ಚು ಬಿಸಿಯಾದ ಮೇಣ ತುಂಬಿಸಿದೆ. ಅವಸರದಲ್ಲಿ ಹಳೆಯ ಮಟ್ಟವನ್ನು ದಾಟಿಸಿಬಿಟ್ಟೆ. ಕುಗ್ಗಿದ ಮೇಣಕ್ಕೂ ಅಚ್ಚಿಗೂ ನಡುವಿನ ಸಂದಿಗೆ ಅದು ಇಳಿದು, ಮೈಮೇಲೆ ಹಕ್ಕಳೆಯಂತೆ ಅಂಟಿಕೊಂಡಿತು. ಮತ್ತೆ ಕರಗಿಸಿದೆ. ಸಂಜೆಗೆ ಎರಡು ಅಚ್ಚು ತುಂಬಿ, ಮರುತುಂಬುವಾಗ ಹಳೆಯ ಗೆರೆಗಿಂತ ಕೂದಲೆಳೆಯಷ್ಟು ಕೆಳಗೇ ನಿಲ್ಲಿಸಿದೆ. ಬೇಗ ಆರಲೆಂದು ಫ್ರಿಜ್‌ನಲ್ಲಿಡುವ ಆಸೆಯಾಯಿತು. ಥಟ್ಟನೆ ತಣಿದರೆ ಮೇಣ ಬಿರಿಯುತ್ತದೆ ಎಂದು ತಡೆದುಕೊಂಡೆ.

ರಾತ್ರಿ ಎರಡೂ ಹೊರಬಂದವು. ಒಂದರ ಬುಡದಲ್ಲಿ ಎರಡು ಕುಳಿ ಉಳಿದಿದ್ದವು, ಇನ್ನೊಂದರ ಮೈ ನುಣುಪಾಗಿತ್ತು. ಒಳಗಿನದನ್ನು ನೋಡದೆ ಸಮಾಧಾನವಾಗಲಿಲ್ಲ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಆ ನುಣುಪಾದದ್ದನ್ನೇ ಉದ್ದಕ್ಕೆ ಸೀಳಿದೆ. ಬತ್ತಿಯ ಇಬ್ಬದಿಯೂ ಗಟ್ಟಿ ಮೇಣ. ಎರಡನೆಯ ಸಲ ಸುರಿದದ್ದು ಕೂಡಿಕೊಂಡ ಕಡೆ ಒಂದು ತೆಳು ಮಸುಕು ಗೆರೆ ಮಾತ್ರ.