ಪೊಲ್ಲಿಲೂರು ಮತ್ತೆ ಮೇಜಿಗೆ ಬಂತು

ಅಟ್ಟದ ಮೇಲಿದ್ದ ಪ್ಲೈವುಡ್ ಹಲಗೆಯನ್ನು ಕಡೆಗೂ ಕೆಳಗಿಳಿಸಿದ್ದೇನೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರ ಮೈಸೂರಿನ ಹೈದರ್ ಅಲಿಯ ದಂಡಿಗೂ ಈಸ್ಟ್ ಇಂಡಿಯಾ ಕಂಪನಿಯ ಪಡೆಗೂ ನಡೆದ ಪೊಲ್ಲಿಲೂರು ಕದನವನ್ನು 1:72 ಅಳತೆಯಲ್ಲಿ ಕಟ್ಟಲು ಹೊರಟಿದ್ದ ಡಯೋರಾಮಾ, ಅಂದರೆ ಪುಟ್ಟ ಬೊಂಬೆಗಳ ದೃಶ್ಯ, ಇದು. ಕೆಂಪು ಕೋಟಿನ ಕಂಪನಿ ಸಿಪಾಯಿಗಳು ಬಣ್ಣ ಹಚ್ಚಿಸಿಕೊಂಡು ವರ್ಷಗಟ್ಟಲೆ ಬಿಸ್ಕತ್ ಡಬ್ಬಿಯಲ್ಲೇ ಇದ್ದರು. ಕೆಲಸ ನಿಂತದ್ದು ಮೈಸೂರಿನ ಸೈನ್ಯಕ್ಕೆ ಕೈಹಾಕಿದಾಗ. ರಾಕೆಟ್ಟುಗಳಿಲ್ಲದೆ ಹೈದರನ ದಂಡನ್ನು ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ, ಅಂದಾಜಿನಲ್ಲಿ ಮಾಡಿ ಅಂಟಿಸಲೂ ಇರಲಿಲ್ಲ.

ದಾರಿ ತೋರಿಸಿದ್ದು ಮಲೆನಾಡಿನ ಒಂದು ಬಾವಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ, ಹಳೇ ಬಾವಿಯ ಕೆಸರಿನೊಳಗೆ ಟಿಪ್ಪುವಿನ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವಲ್ಲ, ಅವು ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು, ಉದ್ದ 23ರಿಂದ 26 ಸೆಂಟಿಮೀಟರ್. ಅದನ್ನು 72ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಮೂರೂವರೆ ಮಿಲಿಮೀಟರ್! ಈಗ ತೆಳು ತಾಮ್ರದ ತಂತಿ ಕತ್ತರಿಸಿ ಕೊಳವೆ ಮಾಡುತ್ತಿದ್ದೇನೆ. ಬಿದಿರಿನ ಬಾಲಕ್ಕೆ ಹುಲ್ಲಿನ ಪೊರಕೆಯ ಎಳೆ. ನಾಲ್ಕಡಿಯ ಬಿದಿರೆಂದರೆ ನನ್ನ ಲೆಕ್ಕದಲ್ಲಿ 17 ಮಿಲಿಮೀಟರ್. ಚಿಮಟದಲ್ಲಿ ಹಿಡಿದು ದಾರ ಸುತ್ತುವಾಗ ಉಸಿರು ಬಿಗಿಹಿಡಿಯಬೇಕು, ಆದರೆ ಈ ಕೆಲಸದಷ್ಟು ಖುಷಿ ಇಡೀ ಡಯೋರಾಮಾದಲ್ಲಿ ಬೇರೆಲ್ಲೂ ಸಿಕ್ಕಿಲ್ಲ.

ಯಾವ ಕ್ಷಣವನ್ನು ಕಟ್ಟಬೇಕು ಅನ್ನುವುದೂ ಈಗ ಗಟ್ಟಿಯಾಗಿದೆ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಡುವಣ ಗೋಡೆಯಲ್ಲಿ ಈ ಕದನದ ದೊಡ್ಡ ಚಿತ್ರವಿದೆ: ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತ ಇಂಗ್ಲಿಷ್ ಪಡೆ, ಪಲ್ಲಕ್ಕಿಯಲ್ಲಿ ಅದರ ನಾಯಕ ಕರ್ನಲ್ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ. ಗೋಡೆಯ ಮೇಲೆ ಇಡೀ ದಿನದ ಕಥೆ ಒಟ್ಟಿಗೇ ಹಿಡಿಸುತ್ತದೆ, ಹಲಗೆಯ ಮೇಲೆ ಹಿಡಿಸುವುದಿಲ್ಲ. ನಾನು ಆರಿಸಿಕೊಂಡದ್ದು ಮದ್ದು ಸಿಡಿದ ಗಳಿಗೆ. ಮದ್ದು ಹೋದ ಮೇಲೆ ಬೇಯ್ಲಿಯ ಪಡೆ ಹೆಚ್ಚು ಹೊತ್ತು ತಾಳಲಿಲ್ಲ, ಕಂಚಿಯಲ್ಲಿದ್ದ ಕಂಪನಿಯ ಇನ್ನೊಬ್ಬ ಸೇನಾಪತಿ ಮನ್ರೋ ನೆರವಿಗೆ ತಲುಪಲೂ ಇಲ್ಲ. ಬೇಯ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದು, 1782ರಲ್ಲಿ ಅಲ್ಲೇ ತೀರಿಕೊಂಡ. ಹುಲಿಪಟ್ಟೆಯ ಸಮವಸ್ತ್ರವನ್ನು ಮಾತ್ರ ಯಾರಿಗೂ ಹಾಕುವುದಿಲ್ಲ. ನೋಡಿದವರಿಗೆ ಇಷ್ಟವಾಗುತ್ತದೆ, ನಿಜ. ಆದರೆ ಅದು ಟಿಪ್ಪು ಪಟ್ಟಕ್ಕೆ ಬಂದ ಮೇಲಿನ ಗುರುತು, 1780ರಲ್ಲಿ ಆಳುತ್ತಿದ್ದವನು ಹೈದರ್.

ನೆಲಕ್ಕೆ ಥರ್ಮಾಕೋಲ್, ಮರದಹೊಟ್ಟು, ಫೆವಿಕಾಲ್. ಹೊಗೆಗೆ ಹತ್ತಿ.

ಉಳಿದಿರುವುದು ಎತ್ತುಗಳು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಎತ್ತುಗಳಿಗೆ ಮೋಟು ಕೊಂಬು. ಮೈಸೂರಿನ ಫಿರಂಗಿ ಎಳೆಯುವ ಜೋಡಿಗೆ ಅದು ಒಪ್ಪುವುದಿಲ್ಲ. ಅಮೃತಮಹಲ್ ಎತ್ತಿನ ಹಾಗೆ ಹಿಂದಕ್ಕೆ ಬಾಗಿದ, ತುದಿ ಚೂಪಾದ ಉದ್ದ ಕೊಂಬೇ ಬೇಕು. ಈ ಭಾನುವಾರ ಮೋಟು ಕೊಂಬುಗಳನ್ನು ಕತ್ತರಿಸಿ, ಉಳಿದ ತಂತಿಯಿಂದ ಹೊಸದು ಕೂರಿಸುತ್ತೇನೆ.