1:1 ಅಂತ ತೋರಿಸಿದ ತಕ್ಷಣ ನಂಬಬೇಡಿ, ಮೊದಲು ಮೀಟರನ್ನ ಪರೀಕ್ಷೆ ಮಾಡಿ

ಹ್ಯಾಮ್ ರೇಡಿಯೋದವರು, ಅಂದ್ರೆ ಹವ್ಯಾಸಕ್ಕೆ ಲೈಸೆನ್ಸ್ ತಗೊಂಡು ರೇಡಿಯೋದಲ್ಲಿ ಮಾತಾಡೋರು, ಆಂಟೆನಾ ಸರಿ ಇದ್ಯಾ ಅಂತ ನೋಡೋದು ಎಸ್‌ಡಬ್ಲ್ಯೂಆರ್ ಮೀಟರಲ್ಲಿ. ಕಳಿಸಿದ ಪವರಲ್ಲಿ ಎಷ್ಟು ವಾಪಸ್ ಬರ್ತಿದೆ ಅಂತ ಅದು ಹೇಳತ್ತೆ, 1:1 ಅಂದ್ರೆ ಏನೂ ವಾಪಸ್ ಬರ್ತಿಲ್ಲ, ಅಂಕಿ ಏರಿದಷ್ಟೂ ಜಾಸ್ತಿ ವಾಪಸ್. ಮುಂಬೈ ಮಳೆಗಾಲದಲ್ಲಿ ನಿಮ್ಮ ಆಂಟೆನಾದ ಎಸ್‌ಡಬ್ಲ್ಯೂಆರ್ ಇದ್ದಕ್ಕಿದ್ದ ಹಾಗೆ ಕಡಿಮೆ ಆಯ್ತು ಅಂದ್ರೆ ಖುಷಿ ಪಡೋಕೆ ಹೋಗ್ಬೇಡಿ, ಟೆರೇಸ್ ಹತ್ತಿ ಕೋಆಕ್ಸ್, ಅಂದ್ರೆ ರೇಡಿಯೋದಿಂದ ಆಂಟೆನಾಗೆ ಹೋಗೋ ಕೇಬಲ್, ನೋಡಿ. ಡೊಂಬಿವಲಿಯಲ್ಲಿರೋ ನಮ್ಮ ಕಾರ್ಕಳದ ಹುಡುಗ ಒಬ್ಬ, ಹೊಸದಾಗಿ ಲೈಸೆನ್ಸ್ ಬಂದಿದೆ, ಜುಲೈಯಲ್ಲಿ ಫೋನ್ ಮಾಡಿ "ಅಣ್ಣ, ಮಳೆ ಬಂದ್ಮೇಲೆ ನನ್ನ ಆಂಟೆನಾ ಭಾರಿ ಚಂದ ಆಗಿದೆ, 1.7 ಇದ್ದಿದ್ದು ಈಗ 1.2 ತೋರಿಸ್ತಿದೆ, ಆದ್ರೆ ಯಾರಿಗೂ ನಾನು ಸರಿಯಾಗಿ ಕೇಳಿಸ್ತಿಲ್ಲ" ಅಂದ. ಕೊನೆಯ ಮಾತಲ್ಲೇ ಉತ್ತರ ಇತ್ತು. "ಟೆರೇಸಿಗೆ ಹೋಗೋಣ ಮಾರಾಯ, ಒಂದು ಕಟರ್ ತಗೊಂಡು ಬಾ" ಅಂದೆ. ಕನೆಕ್ಟರ್ ಕೆಳಗೆ ಒಂದು ಗೇಣು ಬಿಟ್ಟು ಕೇಬಲ್ ಕೊಯ್ದ್ರೆ ಒಳಗಿನ ತಾಮ್ರದ ಜಾಲರಿ ಪೂರ್ತಿ ಕಪ್ಪಗಾಗಿತ್ತು, ಹಿಂಡಿದ್ರೆ ನೀರು ಬೆರಳಿಗೆ ಅಂಟ್ತಿತ್ತು.

ಇದರ ಲೆಕ್ಕ ಒಂದ್ಸಲ ಹಾಕಿ ನೋಡಿದ್ರೆ ಮರೆಯೋದೇ ಇಲ್ಲ. ಆರ್‌ಜಿ-58 ಕೇಬಲ್ 30 ಮೀಟರ್ ಇದೆ ಅಂದ್ಕೊಳ್ಳಿ, ಟೆರೇಸಿಂದ ಕೆಳಗಿನ ಮಹಡಿಯ ಮನೆಗೆ ಅಷ್ಟು ಬೇಕೇ ಬೇಕು. 145 ಮೆಗಾಹರ್ಟ್ಸ್‌ನಲ್ಲಿ ಒಳ್ಳೆ ಕೇಬಲ್ ಆದ್ರೂ ಅಷ್ಟು ಉದ್ದಕ್ಕೆ ಹತ್ತತ್ರ 6 ಡಿಬಿ ತಿಂದುಹಾಕತ್ತೆ, ಅಂದ್ರೆ ರೇಡಿಯೋದಿಂದ 25 ವಾಟ್ ಹೊರಟ್ರೆ ಮೇಲೆ ಮುಟ್ಟೋದು 6 ವಾಟ್ ಚಿಲ್ಲರೆ. ಈಗ ಮೇಲೆ ಆಂಟೆನಾನೇ ಬಿಚ್ಚಿಟ್ಟಿದ್ದೀರಿ ಅನ್ನಿ, ಆ 6 ವಾಟ್ ಅಷ್ಟೂ ವಾಪಸ್ ಹೊರಡತ್ತೆ, ದಾರೀಲಿ ಮತ್ತೆ 6 ಡಿಬಿ ಕಳ್ಕೊಂಡು ಕೆಳಗೆ ಬರೋ ಹೊತ್ತಿಗೆ ಒಂದೂವರೆ ವಾಟ್. 25 ಹೋಯ್ತು, 1.5 ಬಂತು, ಮೀಟರ್ ಹೇಳತ್ತೆ ಎಸ್‌ಡಬ್ಲ್ಯೂಆರ್ ಸುಮಾರು 1.7. ಆಂಟೆನಾನೇ ಇಲ್ಲ, ಆದ್ರೂ 1.7! ಕೇಬಲ್ ಒಳಗೆ ನೀರು ಹೋದ್ರೆ ಲಾಸ್ ಇನ್ನೂ ಜಾಸ್ತಿ, ವಾಪಸ್ ಬರೋದು ಇನ್ನೂ ಕಡಿಮೆ, ಮೀಟರಿಗೆ ಎಲ್ಲಾ ಚಂದ. ಹೊಸ ಕೇಬಲ್ ಎಳೆದು, ಕನೆಕ್ಟರಿಗೆ ಎಳೆದು ಸುತ್ತಿದ್ರೆ ತಾನಾಗೇ ಒಂದಾಗೋ ರಬ್ಬರ್ ಟೇಪ್ ಹಾಕಿ, ನೀರು ಇಳಿದು ಹೋಗೋಕೆ ಕೇಬಲನ್ನ ಒಂದು ಸುತ್ತು ಕೆಳಗೆ ಬಿಟ್ಟು ಕಟ್ಟಿದ್ವಿ. ಎಸ್‌ಡಬ್ಲ್ಯೂಆರ್ ಏರ್ತು, ಜನರಿಗೆ ಅವನು ಕೇಳಿಸೋಕೂ ಶುರುವಾದ.

ಆ ಹುಡುಗ ಆಮೇಲೆ ಕೇಳಿದ ಪ್ರಶ್ನೆ ನಂಗೆ ತುಂಬಾ ಇಷ್ಟ ಆಯ್ತು. "ಹಾಗಾದ್ರೆ ಅಣ್ಣ, ಮೀಟರ್ ಸರಿ ಇದ್ಯಾ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಷ್ಟೋ ವರ್ಷದಿಂದ ಹ್ಯಾಮ್ ಆಗಿರೋರೂ ಇದನ್ನ ಕೇಳ್ಕೊಂಡಿರಲ್ಲ.

ಮೀಟರ್ ಒಳಗೆ ಏನಿದೆ ಅಂತ ಮೊದಲು ನೋಡಿ. ಇವತ್ತಿನ ಬಹಳಷ್ಟು 3ರಿಂದ 30 ಮೆಗಾಹರ್ಟ್ಸಿನ ಎಚ್‌ಎಫ್ ಮೀಟರ್‌ಗಳ ಒಳಗಿರೋದು ಕಾಲಿನ್ಸ್ ರೇಡಿಯೋ ಕಂಪನಿಯ ವಾರನ್ ಬ್ರೂನಿ 1959ರಲ್ಲಿ ಬರೆದು ತೋರಿಸಿದ ಸರ್ಕ್ಯೂಟು ಇಲ್ಲಾ ಅದರ ನೆಂಟ. ಒಂದು ಫೆರೈಟ್ ಉಂಗುರದ ಮಧ್ಯೆ ಕೋಆಕ್ಸಿನ ನಡುತಂತಿ ಹಾದುಹೋಗತ್ತೆ, ಉಂಗುರದ ಮೇಲಿನ ಸುತ್ತು ಲೈನಿನ ಕರೆಂಟಿನ ಸ್ಯಾಂಪಲ್ ಕೊಡತ್ತೆ, ಇನ್ನೊಂದು ಕಡೆ ಎರಡು ಕೆಪಾಸಿಟರ್ ವೋಲ್ಟೇಜಿನ ಸ್ಯಾಂಪಲ್ ಕೊಡತ್ತೆ. ಎರಡನ್ನ ಕೂಡಿಸಿದ್ರೆ ಫಾರ್ವರ್ಡ್, ಅಂದ್ರೆ ಆಂಟೆನಾ ಕಡೆ ಹೋಗೋದು, ಕಳೆದ್ರೆ ರಿಫ್ಲೆಕ್ಟೆಡ್, ಅಂದ್ರೆ ವಾಪಸ್ ಬರೋದು. ಇಷ್ಟೇ. ಆದ್ರೆ ಆ ಸ್ಯಾಂಪಲನ್ನ ಡಿಸಿ ಮಾಡಿ ಮುಳ್ಳಿಗೆ ಕೊಡೋದು ಒಂದು ಡಯೋಡ್, ತಕರಾರು ಅಲ್ಲೇ ಇರೋದು.

10 ಸುತ್ತಿನ ಟ್ರಾನ್ಸ್‌ಫಾರ್ಮರ್ ಇರೋ ಮೀಟರಿಗೆ 5 ವಾಟ್ ಕೊಟ್ರೆ ಫಾರ್ವರ್ಡ್ ಕಡೆ ಸಿಗೋದು 2.2 ವೋಲ್ಟ್ ಪೀಕ್. ಆಂಟೆನಾ ನಿಜವಾಗಿ 1.5 ಇದೆ ಅನ್ನಿ, ಆಗ ರಿಫ್ಲೆಕ್ಟೆಡ್ ಕಡೆ ಅದರ ಐದನೇ ಒಂದು ಪಾಲು, 0.45 ವೋಲ್ಟ್. ಮಾಮೂಲಿ 1ಎನ್4148 ಡಯೋಡಿಗೆ ಎಚ್ಚರ ಆಗೋಕೇ ಅರ್ಧ ವೋಲ್ಟಿನ ಮೇಲೆ ಬೇಕು, ಮುಳ್ಳು ಕದಲೋದೇ ಇಲ್ಲ, ಮೀಟರ್ 1:1 ಅನ್ನತ್ತೆ. ಅದೇ ಆಂಟೆನಾಗೆ 100 ವಾಟ್ ಕೊಡಿ, ರಿಫ್ಲೆಕ್ಟೆಡ್ ಕಡೆ 2 ವೋಲ್ಟ್ ಬರತ್ತೆ, ಈಗ 1.4, 1.5 ಕಾಣ್ಸತ್ತೆ. ಪವರ್ ಜಾಸ್ತಿ ಮಾಡಿದ್ರೆ ಎಸ್‌ಡಬ್ಲ್ಯೂಆರ್ ಜಾಸ್ತಿ ಆಗ್ತಿದೆ ಅಂತ ಎಷ್ಟೋ ಜನ ಆಂಟೆನಾ ಬಿಚ್ಚಿ ಕೂರ್ತಾರೆ, ಆಂಟೆನಾದಲ್ಲಿ ಏನೂ ಇರಲ್ಲ. ಬಿಟೆಕ್ಸ್ ತರ ಕಡಿಮೆ ಪವರಿನ ರೇಡಿಯೋ ಕಟ್ಟೋರು ಜರ್ಮೇನಿಯಂ ಡಯೋಡೋ, ಶಾಟ್ಕಿ ಡಯೋಡೋ ಹಾಕಿರೋ ಮೀಟರ್ ಉಪಯೋಗಿಸ್ಬೇಕು, ಇಲ್ಲಾ ಎಡಿ8307 ಲಾಗ್ ಡಿಟೆಕ್ಟರ್, ಸಣ್ಣ ಸಿಗ್ನಲನ್ನೂ ಅಳೆಯೋ ಚಿಪ್, ಹಾಕಿ ಸ್ವಂತ ಕಟ್ಕೊಳ್ಬೇಕು, ನನ್ನ ಪ್ರಕಾರ ಎರಡನೇದೇ ವಾಸಿ.

ಈಗ ಪರೀಕ್ಷೆಗೆ ಬರೋಣ. ಬೇಕಾಗಿರೋದು ಒಂದು ನಂಬೋ ಅಂಥ 50 ಓಮ್ ಡಮ್ಮಿ ಲೋಡ್, ಅಂದ್ರೆ ಆಂಟೆನಾ ಬದಲು ಪವರನ್ನೆಲ್ಲ ಬಿಸಿ ಮಾಡಿ ಮುಗಿಸೋ ರೆಸಿಸ್ಟರ್. ಗ್ರಾಂಟ್ ರೋಡ್ ಸ್ಟೇಷನ್ನಿಂದ ಲ್ಯಾಮಿಂಗ್ಟನ್ ರೋಡಿಗೆ ನಡ್ಕೊಂಡು ಹೋಗಿ, 1 ಕಿಲೋಓಮಿನ 2 ವಾಟ್ ಮೆಟಲ್ ಫಿಲ್ಮ್ ರೆಸಿಸ್ಟರ್ 20 ತಗೊಳ್ಳಿ. ಅಂಗಡಿಯವರು ವೈರ್‌ವೌಂಡ್ ಕೊಡೋಕೆ ನೋಡಿದ್ರೆ ಬೇಡ ಅನ್ನಿ, ಅದರೊಳಗೆ ಇರೋದು ತಂತಿಯ ಸುರುಳಿ, ಆರ್‌ಎಫ್‌ಗೆ ಅದು ಕಾಯಿಲ್ ಆಗಿಬಿಡತ್ತೆ. ಎರಡು ತಾಮ್ರದ ಬೋರ್ಡಿನ ಮಧ್ಯೆ 20 ರೆಸಿಸ್ಟರನ್ನ ಕಾಲು ಆದಷ್ಟು ಗಿಡ್ಡ ಮಾಡಿ ಬೆಸುಗೆ ಹಾಕಿದ್ರೆ 50 ಓಮ್, 40 ವಾಟ್. ಇಂಥವು ಎರಡು ಕಟ್ಟಿಟ್ಕೊಳ್ಳಿ, ಎರಡನೇದು ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲ ಕೆಲಸ ನಲ್ ಹೊಂದಿಸೋದು, ಅಂದ್ರೆ ಸರಿಯಾದ ಲೋಡಿಗೆ ರಿಫ್ಲೆಕ್ಟೆಡ್ ಸೊನ್ನೆ ಬರೋ ಹಾಗೆ ಮಾಡೋದು. ಮೀಟರಿನ ಔಟ್‌ಪುಟ್ಟಿಗೆ ಡಮ್ಮಿ ಲೋಡ್ ಹಾಕಿ, ರೇಡಿಯೋದಲ್ಲಿ ಸಿಡಬ್ಲ್ಯೂ ಕ್ಯಾರಿಯರ್, ಅಂದ್ರೆ ಮಾತಿಲ್ಲದೆ ಒಂದೇ ಸಮ ಇರೋ ಸಿಗ್ನಲ್, ಕೊಟ್ಟು ಸ್ವಿಚ್ಚನ್ನ ರಿಫ್ಲೆಕ್ಟೆಡ್ ಕಡೆ ತಿರುಗಿಸಿ. ಒಳಗೊಂದು ಪುಟ್ಟ ಟ್ರಿಮ್ಮರ್ ಕೆಪಾಸಿಟರ್ ಇರತ್ತೆ, ಪ್ಲಾಸ್ಟಿಕ್ ಸ್ಕ್ರೂಡ್ರೈವರಲ್ಲೇ ತಿರುಗಿಸ್ಬೇಕು, ಕಬ್ಬಿಣದ್ದು ಹತ್ತಿರ ತಂದ್ರೇ ಮುಳ್ಳು ಅಲ್ಲಾಡತ್ತೆ. ನಿಧಾನಕ್ಕೆ ತಿರುಗಿಸ್ತಾ ಹೋದ್ರೆ ಮುಳ್ಳು ಇಳಿತಾ ಇಳಿತಾ ಒಂದು ಜಾಗದಲ್ಲಿ ಸೊನ್ನೆ ಮುಟ್ಟಿ ಮತ್ತೆ ಏರೋಕೆ ಶುರು ಮಾಡತ್ತೆ, ಆ ತಳ ಹಿಡೀಬೇಕು. 28 ಮೆಗಾಹರ್ಟ್ಸ್‌ನಲ್ಲಿ ಹೊಂದಿಸಿ, ಆಮೇಲೆ 7ರಲ್ಲಿ, 3.5ರಲ್ಲಿ ಹಾಗೇ ಇದ್ಯಾ ನೋಡಿ. ಆಮೇಲೆ ಇನ್‌ಪುಟ್ ಔಟ್‌ಪುಟ್ ಎರಡನ್ನೂ ಅದಲು ಬದಲು ಮಾಡಿ ಜೋಡಿಸಿ. ಮೊದಲು ಫಾರ್ವರ್ಡ್ ಎಷ್ಟು ತೋರಿಸ್ತೋ ಈಗ ರಿಫ್ಲೆಕ್ಟೆಡ್ ಅಷ್ಟೇ ತೋರಿಸ್ಬೇಕು, ಫಾರ್ವರ್ಡ್ ಸೊನ್ನೆ ಆಗ್ಬೇಕು. ಹಾಗಾಗ್ಲಿಲ್ಲ ಅಂದ್ರೆ ಎರಡು ಡಯೋಡ್ ಒಂದಕ್ಕೊಂದು ಹೊಂದ್ತಿಲ್ಲ, ಇಲ್ಲಾ ಆ ಕಡೆ ಟ್ರಿಮ್ಮರ್ ಸರಿ ಇಲ್ಲ.

ವಾಟಿನ ಅಳತೆಗೆ ದುಬಾರಿ ಸಾಮಾನೇನೂ ಬೇಡ. ಡಮ್ಮಿ ಲೋಡಿನ ನಡುತಂತಿ ಕಡೆಯ ತುದಿಗೆ ಒಂದು 1ಎನ್4148, ಅದರ ಇನ್ನೊಂದು ತುದಿಯಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಮೇಲೆ ಮಲ್ಟಿಮೀಟರ್ ಡಿಸಿ ವೋಲ್ಟಲ್ಲಿ. ಬಂದ ವೋಲ್ಟಿಗೆ ಡಯೋಡಿಂದು ಅಂತ ಅರ್ಧ ಸೇರಿಸಿ, ವರ್ಗ ಮಾಡಿ, 100ರಿಂದ ಭಾಗಿಸಿ. 26 ತೋರಿಸಿದ್ರೆ 26.5 ಗುಣಿಲೆ 26.5, ಭಾಗ 100, ಅಂದ್ರೆ 7 ವಾಟ್. 50 ಓಮಿಗೆ ಈ ಲೆಕ್ಕ ಬಾಯಲ್ಲೇ ಬರತ್ತೆ. ಆದ್ರೆ 10 ವಾಟ್ ದಾಟಿಸ್ಬೇಡಿ, ಆ ಡಯೋಡಿನ ಮೇಲೆ ಬೀಳೋ ಉಲ್ಟಾ ವೋಲ್ಟೇಜ್ ಪೀಕಿನ ಎರಡರಷ್ಟು, 10 ವಾಟಿಗೇ 63 ಆಯ್ತು, ಅದು ತಡ್ಕೊಳ್ಳೋದು 75. ದೊಡ್ಡ ಪವರಿಗೆ ಅದನ್ನ ತಡ್ಕೊಳ್ಳೋ ಡಮ್ಮಿ ಲೋಡ್ ಹಾಕಿ ಆಸಿಲೋಸ್ಕೋಪಲ್ಲಿ 10 ಪಟ್ಟಿನ ಪ್ರೋಬ್ ಹಾಕಿ ನೋಡಿ, ಸರಿಯಾಗಿ 100 ವಾಟ್ ಇದ್ರೆ ಮೇಲಿಂದ ಕೆಳಗೆ 200 ವೋಲ್ಟ್ ಸಿಗತ್ತೆ. ಒಂದು ಮಾತು, ವೋಲ್ಟ್ ಅಳತೆಯಲ್ಲಿ ನೂರಕ್ಕೆ 5 ತಪ್ಪಿದ್ರೆ ವಾಟಲ್ಲಿ 10 ತಪ್ಪತ್ತೆ, ಅದಕ್ಕೆ ಒಳ್ಳೆ ಮಲ್ಟಿಮೀಟರ್ ಇರೋರ ಹತ್ರ ಒಂದ್ಸಲ ಹೋಲಿಸ್ಕೊಂಡು ಬನ್ನಿ. ಹೆಸರುವಾಸಿ ಬರ್ಡ್ 43 ವಾಟ್ ಮೀಟರ್ ಕೂಡ ಫುಲ್ ಸ್ಕೇಲಿಗೆ ನೂರಕ್ಕೆ 5ರ ಒಳಗೆ ಅಂತಷ್ಟೇ ಭರವಸೆ ಕೊಡೋದು, ಅದಕ್ಕೆ 100 ವಾಟಿನ ಎಲಿಮೆಂಟ್, ಅಂದ್ರೆ ಎಷ್ಟು ವಾಟಿನವರೆಗೆ ಅಳೀಬೇಕೋ ಅದಕ್ಕೆ ತಕ್ಕ ಬಿಲ್ಲೆ, ಹಾಕಿ 10 ವಾಟ್ ಅಳೆದ್ರೆ ಅದು 5ಕ್ಕೂ 15ಕ್ಕೂ ಮಧ್ಯೆ ಎಲ್ಲಿ ಬೇಕಾದ್ರೂ ಇರಬಹುದು.

ಈಗ ಎರಡನೇ ಡಮ್ಮಿ ಲೋಡ್. ಎರಡನ್ನೂ ಟಿ ಕನೆಕ್ಟರಲ್ಲಿ ಸೇರಿಸಿದ್ರೆ 25 ಓಮ್, ಎಸ್‌ಡಬ್ಲ್ಯೂಆರ್ 2 ಬರಲೇಬೇಕು. ಕಡಿಮೆ ಪವರಲ್ಲಿ ಮಾಡಿ, ಫಾರ್ವರ್ಡ್ 9 ವಾಟ್ ಇದ್ರೆ ರಿಫ್ಲೆಕ್ಟೆಡ್ 1 ವಾಟ್. ನಲ್ ಮಾತ್ರ ನೋಡಿ ಸುಮ್ಮನಾಗೋರು ಜಾಸ್ತಿ, ಆದ್ರೆ ಡಯೋಡ್ ನಿದ್ದೆ ಮಾಡ್ತಿರೋ ಮೀಟರೂ ಡಮ್ಮಿ ಲೋಡಿಗೆ ಸುಂದರವಾಗಿ ಸೊನ್ನೆ ತೋರಿಸತ್ತೆ, ಈ 2:1 ಪರೀಕ್ಷೇಲೇ ಅದರ ಬಂಡವಾಳ ಗೊತ್ತಾಗೋದು. ನ್ಯಾನೋವಿಎನ್‌ಎ ಅನ್ನೋ ಪುಟ್ಟ ಆಂಟೆನಾ ಅಳೆಯೋ ಯಂತ್ರ ಇದ್ರೆ ಈ ಲೋಡುಗಳನ್ನೇ ಅದರಲ್ಲೂ ಅಳೆದಿಟ್ಕೊಳ್ಳಿ, ಆಂಟೆನಾ ಟ್ಯೂನ್ ಮಾಡೋಕೆ ಅದೇ ಉತ್ತಮ, ಆದ್ರೆ ಪವರ್ ಕೊಟ್ಟಾಗ ಬಿಸಿಯಾಗಿ ಕೈ ಕೊಡೋ ಬಾಲನ್ (ಕೋಆಕ್ಸನ್ನ ಆಂಟೆನಾಗೆ ಹೊಂದಿಸೋ ಟ್ರಾನ್ಸ್‌ಫಾರ್ಮರ್) ಆಗ್ಲಿ ಕನೆಕ್ಟರಾಗ್ಲಿ ಇದ್ರೆ ಅದನ್ನ ಹಿಡಿಯೋದು ಲೈನಲ್ಲಿ ಕೂತಿರೋ ಈ ಮೀಟರೇ.

ಇಷ್ಟೆಲ್ಲಾ ಮಾಡಿದ್ಮೇಲೂ ಸಣ್ಣ ಅಂಕಿಗಳಿಗೆ ತಲೆ ಕೆಡಿಸ್ಕೋಬೇಡಿ. ಮೀಟರಿನ ಡೈರೆಕ್ಟಿವಿಟಿ, ಅಂದ್ರೆ ಹೋಗೋ ಪವರನ್ನೂ ಬರೋ ಪವರನ್ನೂ ಬೇರೆ ಮಾಡೋ ಶಕ್ತಿ, 20 ಡಿಬಿ ಇದ್ರೆ, ನಿಜವಾಗಿ 1.2 ಇರೋ ಆಂಟೆನಾನ ಅದು 1.0 ಅಂತಾನೂ ಹೇಳ್ಬಹುದು, 1.5 ಅಂತಾನೂ ಹೇಳ್ಬಹುದು. 1.5ರಲ್ಲಿ ವಾಪಸ್ ಬರೋದು ನೂರಕ್ಕೆ 4 ಅಷ್ಟೇ, ಅದನ್ನ 1.1 ಮಾಡೋಕೆ ಸೊಸೈಟಿ ಸೆಕ್ರೆಟರಿ ಹತ್ರ ಮತ್ತೆ ಟೆರೇಸ್ ಕೀಲಿ ಕೇಳೋದ್ರಲ್ಲಿ ಅರ್ಥ ಇಲ್ಲ. ಅದೇ ಶ್ರಮ ಕೇಬಲ್ ಮೇಲೆ ಹಾಕಿ, 145 ಮೆಗಾಹರ್ಟ್ಸ್ ಇರೋ ವಿಎಚ್‌ಎಫ್‌ನಲ್ಲಂತೂ ಖಂಡಿತ ಹಾಕಿ.

ಎಸ್‌ಎಸ್‌ಬಿಯಲ್ಲಿ (ಮಾತು ಕಳಿಸೋ ಒಂದು ವಿಧಾನ) ಮಾತಾಡುವಾಗ ಮಾಮೂಲಿ ಮುಳ್ಳಿನ ಮೀಟರ್ 100 ವಾಟಿನ ರೇಡಿಯೋಗೆ 30, 40 ತೋರಿಸಿದ್ರೆ ಗಾಬರಿ ಬೇಡ, ಮುಳ್ಳಿಗೆ ಮಾತಿನ ತುದಿ ಹಿಡಿಯೋ ವೇಗ ಇರಲ್ಲ, ಪೀಕ್ ಹಿಡಿದಿಡೋ ಸರ್ಕ್ಯೂಟ್ ಇರೋ ಮೀಟರಲ್ಲಿ ಮಾತ್ರ ಪಿಇಪಿ, ಅಂದ್ರೆ ಮಾತಿನ ತುದಿಯ ಪವರ್, ಕಾಣ್ಸತ್ತೆ. ಅಳತೆ ಯಾವಾಗ್ಲೂ ಕ್ಯಾರಿಯರಲ್ಲೇ ಮಾಡಿ. ಆಂಟೆನಾ ಹಾಕಿ ಮಾಡೋದಾದ್ರೆ ಮೊದಲು ಫ್ರೀಕ್ವೆನ್ಸಿ ಖಾಲಿ ಇದ್ಯಾ ಕೇಳಿ, ಕಾಲ್‌ಸೈನ್ ಹೇಳಿ, ಹತ್ತು ಸೆಕೆಂಡಲ್ಲಿ ಮುಗಿಸಿ. ಡಮ್ಮಿ ಲೋಡಲ್ಲಿ ಸಿಕ್ಕಿದ್ದನ್ನೆಲ್ಲ, ಬ್ಯಾಂಡ್ ಯಾವುದು, ಮೀಟರ್ ತೋರಿಸಿದ ವಾಟ್ ಎಷ್ಟು, ಲೆಕ್ಕದಲ್ಲಿ ಬಂದ ವಾಟ್ ಎಷ್ಟು, ಒಂದು ಚೀಟೀಲಿ ಬರೆದು ತಾರೀಖು ಹಾಕಿ ಮೀಟರ್ ತಲೆ ಮೇಲೆ ಅಂಟಿಸಿ, ಪ್ರತಿ ವರ್ಷ ಗಣಪತಿ ಮುಗಿದು ಮಳೆ ನಿಂತ್ಮೇಲೆ ಮತ್ತೊಂದ್ಸಲ ನೋಡಿ ಹೊಸ ಚೀಟಿ ಅಂಟಿಸಿ.