ಮಿಸೆಸ್ ಹೋಗಿ ಮಿಸ್ ಆದಾಗ

ಬೆಳಿಗ್ಗೆ ಪಾತ್ರೆ ತೊಳೆಯುತ್ತಾ ಫೋನಿನಲ್ಲಿ ಸುಮ್ನೆ ಐರಿಷ್ ಪಿಟೀಲು ಹಾಕಿಕೊಂಡಿದ್ದೆ. 'ಮಿಸ್ ಮೆಕ್‌ಲೌಡ್ಸ್ ರೀಲ್' ಬಂತು. ರೀಲ್ ಅಂದರೆ ಕುಣಿತಕ್ಕೆ ನುಡಿಸುವ ಚುರುಕಾದ ಮಟ್ಟು. ನಲ್ಲಿ ನಿಲ್ಲಿಸಿ ಕೇಳಿದೆ.

ಐರ್ಲೆಂಡಿನವರು ತಮ್ಮದೇ ಎಂಬಂತೆ ನುಡಿಸುವ ಮಟ್ಟು ಇದು. ಆದರೆ ಸ್ಕಾಟ್ಲೆಂಡಿನ ಗೌ ಎಂಬ ಪಿಟೀಲು ವಾದಕರ ಮನೆತನದವರು 1809ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೂ ಇದೆ. ಅಲ್ಲಿ ಹೆಸರು 'ಮಿಸೆಸ್ ಮೆಕ್‌ಲೌಡ್ ಆಫ್ ರಾಸೇ'. ಜೊತೆಗೆ ಒಂದು ಪುಟ್ಟ ಟಿಪ್ಪಣಿ: ಇದು ಸ್ಕೈ ದ್ವೀಪದ ರೀಲ್, ತಿಳಿಸಿದವರು ಮೆಕ್‌ಲೌಡ್ ಅವರು.

ಅಷ್ಟೇ. ಕಟ್ಟಿದವರ ಹೆಸರಿಲ್ಲ, ಕೊಟ್ಟವರ ಹೆಸರಿದೆ. ನನಗೆ ಅದೇ ತುಂಬಾ ಹಿಡಿಸಿತು.

ರಾಸೇ ಅಂದರೆ ಸ್ಕೈ ಪಕ್ಕದ ಸಣ್ಣ ದ್ವೀಪ. ಅಲ್ಲಿನ ಮನೆಯೊಡತಿಯ ಹೆಸರು ಹೊತ್ತ ಮಟ್ಟು ಸಮುದ್ರ ದಾಟಿತು. ಐರ್ಲೆಂಡಿನಲ್ಲಿ ಮಿಸೆಸ್ ಹೋಗಿ ಮಿಸ್ ಆಯಿತು. ಅಮೆರಿಕದಲ್ಲಿ ಬ್ಯಾಂಜೊ ಎಂಬ ತಂತಿವಾದ್ಯದ ಜೊತೆ ಸೇರಿ 'ಹಾಪ್ ಹೈ ಲೇಡೀಸ್' ಆಯಿತು. ಹೆಸರು ಎಷ್ಟು ಸಲ ಬದಲಾದರೂ ಕೇಳಿದ ಕೂಡಲೇ ಗುರುತು ಸಿಗುತ್ತದೆ, ಅಲ್ವಾ?

ಕಿವಿಯಿಂದ ಕಿವಿಗೆ ಹೋಗುವಾಗ ಒಬ್ಬೊಬ್ಬರೂ ಒಂದೊಂದು ಸ್ವರ ತಿರುಗಿಸಿರಬೇಕು. ಅವರಲ್ಲಿ ಎಷ್ಟೋ ಜನ ಯಾವ ಪುಸ್ತಕದಲ್ಲೂ ಇಲ್ಲ.

ಇವತ್ತು ನಾಲ್ಕು ಸಲ ಕೇಳಿದೆ. ಪಾತ್ರೆ ಇನ್ನೂ ಸಿಂಕಿನಲ್ಲೇ ಇದೆ.